ಎಂಟು ತಿಂಗಳಾಯ್ತು, ಸೂಟ್‌ಕೇಸ್ ಇನ್ನೂ ಖಾಲಿಯಾಗಿಲ್ಲ

"ಅಕ್ಕಾ, ನನಗೆ 31 ವರ್ಷ, ಹಾಸನದವಳು. ಪಿಯು ಕಾಲೇಜಿನಲ್ಲಿ ಆರು ವರ್ಷ ಅಕೌಂಟೆನ್ಸಿ ಪಾಠ ಮಾಡಿದ್ದೇನೆ. ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿತು, ಅಲ್ಲಿದ್ದು ಕೆಲಸ ಮಾಡೋ ಪರವಾನಗಿ, ಬ್ಲೂ ಕಾರ್ಡ್, ಅದೂ ಆಯ್ತು. ನಾನು ಕೆಲಸ ಬಿಟ್ಟು ಕಳೆದ ಜೂನ್‌ನಲ್ಲಿ ಜೊತೆಗೆ ಬಂದೆ. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಈಗ ಚಳಿ, ಕತ್ತಲು, ಇಡೀ ದಿನ ಮನೆಯಲ್ಲಿ ಒಬ್ಬಳೇ. ದೋಸೆ ಹಿಟ್ಟು ಕೂಡ ಹುಳಿ ಬರಲ್ಲ. ಬೆಳಿಗ್ಗೆ ಇವರು ಹೊರಟ ಕೂಡಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಒಗ್ಗರಣೆ ಡಬ್ಬಿಗೆ ಒರಗಿಸಿ ಇಡ್ತೀನಿ. ಮಾತಾಡೋಕೆ ಏನೂ ಇಲ್ಲದಿದ್ದರೂ ಕಟ್ ಮಾಡಲ್ಲ. ಕೇಳಿದರೆ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳೋದು.

ಹೋದ ವಾರ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ಬಡಿದರು. ನಮ್ಮ ಬಾಗಿಲಿಗೆ ಯಾರೋ ನೇತುಹಾಕಿದ್ದ ಚಿಕ್ಕ ಬೋರ್ಡ್ ತೋರಿಸಿ ಜೋರಾಗಿ ಏನೋ ಹೇಳಿದರು. ಒಂದಕ್ಷರ ಅರ್ಥ ಆಗಲಿಲ್ಲ. ಸುಮ್ನೆ ನಕ್ಕು ಬಾಗಿಲು ಹಾಕಿಕೊಂಡೆ. ಮರುದಿನ ಟಪಾಲು ಡಬ್ಬಿಯಲ್ಲಿ ಚೀಟಿ. ಇವರು ಓದಿ, 'ಮೆಟ್ಟಿಲು ಗುಡಿಸಿಲ್ಲವಂತೆ ಕಣೇ' ಅಂತ ನಕ್ಕರು. ನೂರಿಪ್ಪತ್ತು ಮಕ್ಕಳ ಕ್ಲಾಸನ್ನು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದವಳು ನಾನು. ಅವತ್ತು ರಾತ್ರಿಯೆಲ್ಲ ಅತ್ತೆ. 'ಅಡ್ಜಸ್ಟ್ ಮಾಡ್ಕೋ, ಎಲ್ಲರೂ ಮಾಡ್ಕೊಂಡಿಲ್ವಾ' ಅಂತ ಇವರು ಅಂದರು. ಹಳೆ ಕಾಲೇಜಿನ ಪ್ರಿನ್ಸಿಪಾಲರು, ಜೂನ್‌ನಿಂದ ಬರೋದಾದರೆ ಏಪ್ರಿಲ್ ಮುಗಿಯೋದರೊಳಗೆ ಹೇಳಮ್ಮ ಅಂದಿದ್ದಾರೆ. ಎರಡು ಸೂಟ್‌ಕೇಸ್ ಇನ್ನೂ ಮಂಚದ ಕೆಳಗೆ ಹಾಗೇ ಇವೆ. ವಾಪಸ್ ಹೋಗಿಬಿಡಲಾ? ಜನ ಏನಂತಾರೋ ಅಂತ ಭಯ. ನನ್ನನ್ನು ನೀನು ಅಂತಲೇ ಕರೆದು ಉತ್ತರ ಬರೀರಿ."

ಸರಿ, ನೀನು ಅಂತಲೇ ಬರೆಯುತ್ತೇನೆ.

ಮೊದಲು ಆ ಜನರ ವಿಷಯ ಮುಗಿಸಿಬಿಡೋಣ. ನೀನು ವಾಪಸ್ ಬಂದರೆ ಹಾಸನದಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶದವರೆಗೆ ನಿನ್ನ ಸುದ್ದಿ ಓಡುತ್ತದೆ. ಆಮೇಲೆ ಅವರಿಗೆ ಬೇರೆ ಸುದ್ದಿ ಸಿಗುತ್ತದೆ. ಇಷ್ಟಕ್ಕೆಲ್ಲ ಹೆದರಿ ಒಂದು ದೇಶದಲ್ಲಿ ಕೂರೋದು ಬೇಡ. ವಾಪಸ್ ಹೋಗೋದು ತಪ್ಪೂ ಅಲ್ಲ, ಸೋಲೂ ಅಲ್ಲ. ಆದರೆ ಫೆಬ್ರವರಿಯಲ್ಲಿ ಕೂತು ಆ ತೀರ್ಮಾನ ಮಾಡಬೇಡ ಮಾರಾಯ್ತಿ. ಏಪ್ರಿಲ್ ಕೊನೆಯವರೆಗೆ ಟೈಮ್ ಇದೆ ಅಂತ ನೀನೇ ಬರೆದಿದ್ದೀಯ. ಅಷ್ಟನ್ನೂ ಉಪಯೋಗಿಸಿಕೋ.

ನಾನು ಇದನ್ನು ದೂರದಿಂದ ಹೇಳುತ್ತಿಲ್ಲ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ ನಾಲ್ಕು ವರ್ಷ ಇದ್ದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟು ದಾಟಿದರೂ ಸೂರ್ಯ ಬರಲ್ಲ, ಸಂಜೆ ನಾಲ್ಕೂವರೆಗೆಲ್ಲ ಹೋಗಿಯೂ ಆಗಿರುತ್ತದೆ. ಆ ತಿಂಗಳುಗಳಲ್ಲಿ ನಾನು ಎಷ್ಟು ಸಲ ಟಿಕೆಟ್ ದರ ನೋಡಿದ್ದೇನೋ ಲೆಕ್ಕವಿಲ್ಲ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಈಗ ನಿನಗೂ ಹಾಸನಕ್ಕೂ ನಾಲ್ಕೂವರೆ ಗಂಟೆ ಅಂತರ ಇದೆಯಲ್ಲ, ಅದು ಮೂರೂವರೆಗೆ ಇಳಿಯುತ್ತದೆ. ಏಪ್ರಿಲ್ ಕೊನೆಗೆ ರಾತ್ರಿ ಎಂಟೂವರೆವರೆಗೂ ಬೆಳಕು. ಬೆಳಕು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ, ಆ ಬೆಳಕಿನಲ್ಲೂ ವಾಪಸ್ ಹೋಗಬೇಕು ಅನ್ನಿಸಿದರೆ ಅದು ನಿಜವಾಗಿ ನಿನ್ನ ಆಸೆ, ಚಳಿಗಾಲದ್ದಲ್ಲ ಅಂತ ಗೊತ್ತಾಗುತ್ತದೆ.

ಈಗ ಆ ಬೋರ್ಡ್. ಅದರ ಮೇಲೆ 'ಕೇರ್‌ವೊಖೆ' ಅಂತ ಇರುತ್ತದೆ, ನೋಡು. ಗುಡಿಸುವ ವಾರ. ಒಂದು ಕಟ್ಟಡದಲ್ಲಿರುವ ಮನೆಯವರೆಲ್ಲ ಸರದಿಯಲ್ಲಿ ಮೆಟ್ಟಿಲು, ಕಾರಿಡಾರು, ಕೆಲವು ಕಡೆ ಎದುರಿನ ಫುಟ್‌ಪಾತು, ಹಿಮ ಬಿದ್ದರೆ ಹಿಮ, ಎಲ್ಲ ಚೊಕ್ಕ ಮಾಡಬೇಕು. ತಮ್ಮ ವಾರ ಮುಗಿಸಿದವರು ಬೋರ್ಡನ್ನು ಪಕ್ಕದ ಬಾಗಿಲಿಗೆ ತಗುಲಿಸಿ ಹೋಗುತ್ತಾರೆ. ಆ ಸೀಮೆಯವರಿಗೆ ಇದು ಶತಮಾನಗಳ ಅಭ್ಯಾಸ. 1714ರಲ್ಲೇ ಅಲ್ಲಿನ ದೊರೆ ಬೀದಿ ಗುಡಿಸುವುದಕ್ಕೆ ಅಂತ ಒಂದು ಆಜ್ಞೆ ಹೊರಡಿಸಿದ್ದ! ಉಳಿದ ಜರ್ಮನರೇ ಇದನ್ನು ನೋಡಿ ತಮಾಷೆ ಮಾಡುತ್ತಾರೆ. ಅಂದರೆ ಆ ಅಜ್ಜಿ ನಿನ್ನನ್ನು ನೋಡಿ, ನಿನ್ನ ಬಣ್ಣ ನೋಡಿ, ನಿನ್ನ ಒಗ್ಗರಣೆ ವಾಸನೆಗೆ ಬಂದಿದ್ದಲ್ಲ. ಬರ್ಲಿನ್‌ನಿಂದ ಬಂದವನು ಗುಡಿಸದಿದ್ದರೂ ಅವರು ಹೀಗೇ ಬಾಗಿಲು ಬಡಿಯುತ್ತಿದ್ದರು. ಅಲ್ಲಿ ಬಣ್ಣ ನೋಡಿ ಮುಖ ಸಿಂಡರಿಸುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನೀನು ಬರೆದಿರುವುದರಲ್ಲಿ ಅದು ನನಗೆ ಕಾಣಲಿಲ್ಲ. ಹಾಸನದಲ್ಲಿ ಬೆಳಿಗ್ಗೆ ಏಳಾದರೂ ಬಾಗಿಲಿಗೆ ನೀರು ಹಾಕದ ಹೊಸ ಸೊಸೆಯ ಬಗ್ಗೆ ಎದುರು ಮನೆಯವರು ಏನಂತಾರೆ ಅಂತ ನಿನಗೆ ಗೊತ್ತಲ್ವಾ? ಇದೂ ಅದೇ. ಈ ಅಜ್ಜಿ ಎದುರಿಗೇ ಬಂದು ಹೇಳಿದರು, ಅಷ್ಟೇ.

ನನ್ನ ಮೊದಲ ಸರದಿಯ ಕಥೆ ಹೇಳುತ್ತೇನೆ. ಕೈ ಚಳಕ ತೋರಿಸೋಣ ಅಂತ ನಮ್ಮನೆ ಅಂಗಳಕ್ಕೆ ಹಾಕುವ ಹಾಗೆ ಮೇಲಿನ ಮೆಟ್ಟಿಲಿಂದ ಒಂದು ಬಕೆಟ್ ನೀರು ಸುರಿದೆ. ಮರದ ಮೆಟ್ಟಿಲು. ನೀರು ಸೀದಾ ಕೆಳಗಿನ ಮನೆಯವರ ಕಾಲೊರಸು ದಾಟಿ ಬಾಗಿಲ ಸಂದಿಯೊಳಗೆ ಹೋಯ್ತು. ಆ ಮನೆಯ ಹೆಂಗಸು ಹೊರಗೆ ಬಂದು ನನ್ನನ್ನೂ ನೀರನ್ನೂ ನೋಡಿ ಒಳಗೆ ಹೋದರು. ಮುಗೀತು ನನ್ನ ಕಥೆ ಅಂದುಕೊಂಡೆ. ಒರೆಸುವ ಕೋಲು ಹಿಡಿದುಕೊಂಡು ಬಂದರು. ಒಂದು ಮೆಟ್ಟಿಲು ಅವರು ಒರೆಸಿ ತೋರಿಸಿದರು, ಇನ್ನೊಂದು ನಾನು ಒರೆಸಿದೆ, ಅವರು ಮೂಲೆಯಲ್ಲಿ ಉಳಿದ ಧೂಳನ್ನು ಬೆರಳಲ್ಲಿ ತೋರಿಸಿದರು. ಹೀಗೆ ಹದಿನಾರು ಮೆಟ್ಟಿಲು. ಆಮೇಲೆ ನಾವಿಬ್ಬರೂ ಸ್ನೇಹಿತರಾದೆವು ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಹಾಗೇನೂ ಆಗಲಿಲ್ಲ. ನಾಲ್ಕು ವರ್ಷವೂ 'ಗ್ರೂಸ್ ಗಾಟ್', ಅಂದರೆ ನಮಸ್ಕಾರ, ಅಂದರು, ನಾಲ್ಕು ವರ್ಷವೂ ನನ್ನ ಒರೆಸುವಿಕೆಯಲ್ಲಿ ತಪ್ಪು ಹುಡುಕಿದರು. ಆದರೆ ಅವತ್ತಿನಿಂದ ಆ ಕಟ್ಟಡದಲ್ಲಿ ನಾನೂ ಒಬ್ಬ ಮನುಷ್ಯಳು ಅನ್ನಿಸಿತು ನೋಡು. ಬೈಸಿಕೊಳ್ಳುವುದಕ್ಕಾದರೂ ಆ ಮನೆಗೆ ಸೇರಿದವಳಾಗಿರಬೇಕಲ್ಲ.

ಆದ್ದರಿಂದ ಮುಂದಿನ ಸರದಿ ಬಂದಾಗ ನೀನೇ ಹೋಗಿ ಗುಡಿಸು. ಬಕೆಟ್ ಬೇಡ! ಅಜ್ಜಿಯ ಬಾಗಿಲ ಹತ್ತಿರ ಸ್ವಲ್ಪ ಸದ್ದು ಮಾಡಿಕೊಂಡೇ ಗುಡಿಸು. ಬಾಗಿಲು ತೆಗೆದರೆ 'ಎನ್‌ಟ್ಶುಲ್ಡಿಗುಂಗ್' ಅನ್ನು, ಕ್ಷಮಿಸಿ ಅಂತ. ಆಮೇಲೆ 'ಇಶ್ ಲೆರ್ನೆ ನೋಖ್' ಅನ್ನು. ಇನ್ನೂ ಕಲೀತಾ ಇದೀನಿ ಅಂತ ಅರ್ಥ. ಸದ್ಯಕ್ಕೆ ಅಷ್ಟು ಜರ್ಮನ್ ಸಾಕು.

ನಿನ್ನ ಗಂಡ ನಕ್ಕಿದ್ದು ನನಗೆ ಇಷ್ಟವಾಗಲಿಲ್ಲ. ಕೆಟ್ಟವರು ಅಂತ ಹೇಳುತ್ತಿಲ್ಲ. ನೀವಿಬ್ಬರೂ ಒಂದೇ ಮನೆಯಲ್ಲಿದ್ದರೂ ಬೇರೆ ಬೇರೆ ದೇಶದಲ್ಲಿದ್ದೀರಿ, ಅದು ಅವರಿಗೆ ಹೊಳೆದಿಲ್ಲ. ಅವರ ದೇಶದಲ್ಲಿ ಇಂಗ್ಲಿಷ್ ನಡೆಯುತ್ತದೆ, ಕಾಫಿ ಮಷೀನ್ ಪಕ್ಕ ಇಬ್ಬರು ಪುಣೆಯವರು ಇರುತ್ತಾರೆ, ತಿಂಗಳ ಕೊನೆಗೆ ಸಂಬಳ ಬೀಳುತ್ತದೆ. ಟಪಾಲು ಡಬ್ಬಿ, ಐದು ಥರದ ಕಸದ ಡಬ್ಬ, ಬಾಗಿಲು ಬಡಿಯುವ ಅಜ್ಜಿ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವಾಗ ಹಾಲು ಖಾಲಿಯಾಗೋದು, ಇದೆಲ್ಲ ಇರುವ ದೇಶ ನಿನ್ನ ಪಾಲಿಗೆ ಬಂದಿದೆ. 'ಅಡ್ಜಸ್ಟ್ ಮಾಡ್ಕೋ' ಅನ್ನುವ ಮಾತನ್ನು ಯಾವಾಗಲೂ ಅಡ್ಜಸ್ಟ್ ಮಾಡಿಕೊಳ್ಳಬೇಕಿಲ್ಲದವರೇ ಹೇಳುತ್ತಾರೆ, ಅದು ನನ್ನ ಅನುಭವ.

ಅವರ ಹತ್ತಿರ 'ಬೇಜಾರಾಗುತ್ತೆ' ಅಂತ ಹೇಳಬೇಡ. ಆ ಮಾತಿಗೆ ಗಂಡಸರು ಶನಿವಾರ ಹೊರಗೆ ಊಟಕ್ಕೆ ಕರೆದುಕೊಂಡು ಹೋಗಿ ಕೈ ತೊಳೆದುಕೊಳ್ಳುತ್ತಾರೆ. 'ನೀವು ಆ ಚೀಟಿ ಓದಿ ನಕ್ಕಿದ್ದಕ್ಕೆ ನಾನು ರಾತ್ರಿಯೆಲ್ಲ ಅತ್ತೆ' ಅಂತ ಹೇಳು. ಮನೆಗೆ ಬರುವ ಪ್ರತಿ ಕಾಗದವನ್ನೂ ಅವರು ನಿನ್ನ ಪಕ್ಕ ಕೂತು ಓದಿ, ಏನು ಅಂತ ವಿವರಿಸಬೇಕು ಅಂತ ಕೇಳು. ಮೆಟ್ಟಿಲಿನ ಸರದಿಯಲ್ಲಿ ಅವರದ್ದೂ ಅರ್ಧ. ಮತ್ತೆ ಕಾಲೇಜಿನವರು ಏಪ್ರಿಲ್ ಗಡುವು ಕೊಟ್ಟಿದ್ದಾರೆ ಅಂತ ಅವರಿಗೆ ಹೇಳಿದ್ದೀಯಾ? ಪತ್ರ ಎರಡು ಸಲ ಓದಿದೆ, ಹೇಳಿದಂತೆ ಕಾಣಲಿಲ್ಲ. ಹೇಳು. ನಾಳೆಯೇ ಹೇಳು. ಗಂಡನಿಗೆ ಗೊತ್ತಿಲ್ಲದೆ ನೀನೊಬ್ಬಳೇ ಆ ದಿನಗಳನ್ನು ಎಣಿಸುತ್ತಾ ಕೂತಿರೋದು ಇಬ್ಬರಿಗೂ ಒಳ್ಳೆಯದಲ್ಲ.

ದುಡ್ಡಿನ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಆದರೂ ಕೇಳುತ್ತೇನೆ. ಆರು ವರ್ಷ ಸ್ವಂತ ಸಂಬಳ ತೆಗೆದುಕೊಂಡವಳು ಈಗ ಒಂದು ಜೊತೆ ಬೂಟಿಗೆ ಯಾರ ಕಾರ್ಡ್ ಉಜ್ಜುತ್ತಿದ್ದೀಯ? ನಿನ್ನ ಹೆಸರಲ್ಲಿ ಒಂದು ಖಾತೆ ತೆಗೆಸು. ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು, ವಿಳಾಸ ನೋಂದಾಯಿಸಿದ ಕಾಗದ ಇದ್ದರೆ ಆಗುತ್ತದೆ. ತಿಂಗಳಿಗೆ ಇಷ್ಟು ಅಂತ ಕೇಳದೇ ಬಂದು ಬೀಳಲಿ. ಸಣ್ಣ ವಿಷಯ ಅನ್ನಿಸಬಹುದು. ನನಗೆ ಅಲ್ಲಿ ಅಳು ಬರಿಸಿದ್ದರಲ್ಲಿ ಅರ್ಧ ಇದೇ ಅಂತ ನನಗೆ ತಿಳಿದದ್ದು ಎರಡು ವರ್ಷ ಆದಮೇಲೆ.

ನೀನು ಡಿಪೆಂಡೆಂಟ್ ವೀಸಾದಲ್ಲಿ ಇದ್ದರೂ ಬ್ಲೂ ಕಾರ್ಡ್‌ನವರ ಹೆಂಡತಿಗೆ ಅಲ್ಲಿ ಕೆಲಸ ಮಾಡಲು ಪೂರ್ತಿ ಅನುಮತಿ ಇದೆ. ನಿನ್ನ ಕಾರ್ಡ್ ತೆಗೆದು ನೋಡು, 'ಎರ್ವೆರ್ಬ್ಸ್‌ಟೇಟಿಗ್‌ಕೈಟ್' ಅನ್ನುವ ನಾಲಿಗೆ ತಿರುಚುವ ಪದ ಒಂದು ಇರುತ್ತದೆ. ದುಡಿಮೆ ಅಂತ ಅರ್ಥ. ಅದನ್ನು ಮಾಡಬಹುದು ಅಂತ ಬರೆದಿರುತ್ತದೆ. ಸುಮ್ನೆ ಆಸೆ ಹುಟ್ಟಿಸಲ್ಲ, ಅಲ್ಲಿ ಶಾಲೆಯಲ್ಲಿ ಟೀಚರ್ ಆಗೋದು ತುಂಬಾ ಉದ್ದದ ದಾರಿ. ಅಕೌಂಟ್ಸ್ ಕೆಲಸಕ್ಕೆ ಅಷ್ಟು ಕಟ್ಟುಪಾಡಿಲ್ಲ, ಆದರೆ ಭಾಷೆ ಬೇಕೇ ಬೇಕು.

ಭಾಷೆ ಅಂದಾಗ ನಮ್ಮವರು ಕೂಡಲೇ ಕಿಟೆಲ್ ಸಾಹೇಬರ ಉದಾಹರಣೆ ಕೊಡುತ್ತಾರೆ. ಜರ್ಮನಿಯವರು, 1853ರಲ್ಲಿ ಭಾರತಕ್ಕೆ ಬಂದರು, ಕನ್ನಡ ಕಲಿತರು, 1894ರಲ್ಲಿ ನಿಘಂಟೇ ಬರೆದುಬಿಟ್ಟರು, ನಿನಗೇನು ಕಷ್ಟ ಅಂತ. ನಾನು ಆ ಮಾತು ಹೇಳಲ್ಲ. ಆ ನಿಘಂಟಿಗೆ ಅವರ ಆಯುಷ್ಯದ ಎಷ್ಟೋ ವರ್ಷ ಹಿಡಿಯಿತು, ಅನ್ನ ಬೇಯಿಸಲು ಬೇರೆಯವರಿದ್ದರು. (ಅವರು ಕೊನೆಗಾಲ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ, ನಿನ್ನ ಊರಿಂದ ರೈಲಿನಲ್ಲಿ ಒಂದು ಗಂಟೆ. ಬಿಸಿಲು ಬಂದ ಮೇಲೆ ಒಂದು ದಿನ ಹೋಗಿ ಬಾ. ಊರು ಚೆನ್ನಾಗಿದೆ.) ನಿನಗೆ ಒಂದು ಲೆಕ್ಕ ಹೇಳುತ್ತೇನೆ, ಅಕೌಂಟೆನ್ಸಿಯವಳಲ್ವಾ. ಅಲ್ಲಿನ ಸರ್ಕಾರದ ಇಂಟಿಗ್ರೇಷನ್ ಕೋರ್ಸಿನಲ್ಲಿ ದಿನನಿತ್ಯದ ಮಾತುಕತೆಗೆ ಸಾಕಾಗುವ ಬಿ1 ಮಟ್ಟ ಮುಟ್ಟಿಸಲು 600 ಪಿರಿಯಡ್ ಇಟ್ಟಿದ್ದಾರೆ, ಒಂದೊಂದೂ 45 ನಿಮಿಷದ್ದು. ನೀನು ಇಲ್ಲಿಯವರೆಗೆ ಫೋನಿನ ಆ್ಯಪ್‌ನಲ್ಲಿ ದಿನಕ್ಕೆ ಹತ್ತು ನಿಮಿಷ ಒತ್ತಿದ್ದರೆ ಅದೇ ಜಾಸ್ತಿ. ಹೀಗಿರುವಾಗ ಅಜ್ಜಿಯ ಮಾತು ಅರ್ಥವಾಗಲಿಲ್ಲ ಅಂತ ನಾಚಿಕೆ ಯಾಕೆ? ಸಿಲೆಬಸ್ಸೇ ಶುರುವಾಗಿಲ್ಲ, ಪರೀಕ್ಷೆಯಲ್ಲಿ ಫೇಲಾದೆ ಅಂತ ಅಳುತ್ತಿದ್ದೀಯ. ನಿನ್ನ ಸ್ಟೂಡೆಂಟ್ ಹೀಗೆ ಮಾಡಿದ್ದರೆ ಬೈಯುತ್ತಿರಲಿಲ್ವಾ?

ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿ ಫೋಕ್ಸ್‌ಹೋಖ್‌ಶೂಲೆ ಇದೆ, ದೊಡ್ಡವರು ಕಲಿಯುವ ಶಾಲೆ. ಅಲ್ಲಿ ಬೆಳಗಿನ ಕ್ಲಾಸಿಗೆ ಹೆಸರು ಕೊಡು. ಆನ್‌ಲೈನ್ ಬೇಡ, ಖಂಡಿತ ಬೇಡ. ಮನೆಯಿಂದ ಹೊರಗೆ ಹೋಗಿ, ಬೆಂಚಿನ ಮೇಲೆ ಕೂತು, ಸಿರಿಯಾದವಳೋ ಬ್ರೆಜಿಲ್‌ನವಳೋ ಪಕ್ಕದಲ್ಲಿ ನಿನ್ನಷ್ಟೇ ತಪ್ಪು ತಪ್ಪಾಗಿ ಮಾತಾಡೋದನ್ನು ಕೇಳಬೇಕು. ಕನ್ನಡದವರ ಗುಂಪೂ ಸಿಗುತ್ತದೆ, ಯುಗಾದಿಗೆ ಹೋಗು, ಹೋಳಿಗೆ ತಿನ್ನು. 'ಏನ್ ಮಾಡ್ಕೊಂಡಿದ್ದೀರಾ?' ಅಂತ ಕೇಳುತ್ತಾರೆ. 'ಜರ್ಮನ್ ಕ್ಲಾಸಿಗೆ ಹೋಗ್ತಿದೀನಿ' ಅಂದರೆ ಮಾತು ಮುಗಿಯುತ್ತದೆ.

ಬೆಳಗಿನ ಕ್ಲಾಸು ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಅದು ಆ ಫೋನ್. ನಿನ್ನ ಒಂಬತ್ತು ಗಂಟೆ ಅಂದರೆ ಹಾಸನದಲ್ಲಿ ಒಂದೂವರೆ. ಅಮ್ಮ ಊಟ ಮುಗಿಸಿ ಪಾತ್ರೆ ತೊಳೆಯುವ ಸದ್ದು, ಬೀದಿಯಲ್ಲಿ ಸೊಪ್ಪಿನವನ ಕೂಗು, ಪಕ್ಕದ ಮನೆಯ ಕುಕ್ಕರ್, ಇದನ್ನೆಲ್ಲ ಕೇಳುತ್ತಾ ನೀನು ತಣ್ಣಗಿನ ಅಡುಗೆಮನೆಯಲ್ಲಿ ತಿಂಡಿ ತಿನ್ನುತ್ತೀಯ. ನನಗೆ ಅರ್ಥವಾಗುತ್ತದೆ. ಆದರೆ ಇದರಿಂದ ನೀನು ಹಾಸನದಲ್ಲೂ ಇಲ್ಲ, ಸ್ಟುಟ್‌ಗಾರ್ಟ್‌ನಲ್ಲೂ ಇಲ್ಲ. ಫೋನ್ ಬಿಡು ಅನ್ನಲ್ಲ. ಮಧ್ಯಾಹ್ನಕ್ಕೆ ಹಾಕು, ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮೆಟ್ಟಿಲಿನ ಕಥೆ ಪೂರ್ತಿ ಹೇಳು ಅಮ್ಮನಿಗೆ. ಎಂಟು ತಿಂಗಳಿಂದ 'ಚೆನ್ನಾಗಿದೀನಿ' ಅನ್ನೋದನ್ನು ಅವರು ನಂಬಿದ್ದಾರೆ ಅಂದುಕೊಂಡಿದ್ದೀಯಾ? ಯಾವ ಅಮ್ಮನೂ ಮೂರು ತಾಸು ಖಾಲಿ ವಿಡಿಯೋ ಕಾಲ್ ಹಿಡಿದು ಸುಮ್ನೆ ಕೂರಲ್ಲ.

ಒಂದು ಮಾತು ಗಂಭೀರವಾಗಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಎರಡು ವಾರದಿಂದ ದಿನಾ ಅಳು, ಬದುಕಿ ಏನು ಅನ್ನಿಸುತ್ತಿದೆ ಅಂತಾದರೆ ಏಪ್ರಿಲ್‌ಗೆ ಕಾಯಬೇಡ. ಮನೆ ಹತ್ತಿರದ ಹೌಸ್‌ಆರ್ಟ್ಸ್ ಹತ್ತಿರ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಈ ವಾರವೇ ಹೋಗು. ಇಂಗ್ಲಿಷ್ ಬರುವವರು ಸಿಗುತ್ತಾರೆ. ಪ್ರಾಣಕ್ಕೆ ಅಪಾಯ ಅನ್ನಿಸಿದ ಕ್ಷಣ 112.

ಇನ್ನು ಮಂಚದ ಕೆಳಗಿನ ಸೂಟ್‌ಕೇಸ್. ಒಂದನ್ನು ಇವತ್ತು ಖಾಲಿ ಮಾಡು. ಇನ್ನೊಂದು ಏಪ್ರಿಲ್‌ವರೆಗೆ ಹಾಗೇ ಇರಲಿ, ನಾನೇನೂ ಅನ್ನಲ್ಲ. ಹೋಗ್ತೀನಿ ಅಂತ ತೀರ್ಮಾನ ಮಾಡಿದರೂ ಬರೆ, ಉಳೀತೀನಿ ಅಂದರೂ ಬರೆ.

ದೋಸೆ ಹಿಟ್ಟಿಗೆ: ಓವನ್ ಹಚ್ಚಬೇಡ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ರಾತ್ರಿ ಅದರೊಳಗಿಡು. ಕೆಳಗೆ ಒಂದು ತಟ್ಟೆ ಇಟ್ಟಿರು, ಉಕ್ಕಿ ಚೆಲ್ಲುತ್ತದೆ. ಬೆಳಿಗ್ಗೆ ನಿನ್ನ ಗಂಡ ಓವನ್ ಆನ್ ಮಾಡದಂತೆ ಅದರ ಬಾಗಿಲಿಗೆ ನೀನೂ ಒಂದು ಬೋರ್ಡ್ ನೇತುಹಾಕು.