ಜೀನೋಮ್ ಓದಿ ವೈರಸ್ ಬಂದ ದಾರಿಯನ್ನು ಹೇಗೆ ಗುರುತಿಸುತ್ತಾರೆ?

ರೋಗಿಯ ರಕ್ತದಲ್ಲಿರುವ ವೈರಸ್‌ನ ಜೀನೋಮ್, ಅಂದರೆ ಅದರ ಸಂಪೂರ್ಣ ಆನುವಂಶಿಕ ಬರಹ, ಓದಿದ ಮಾತ್ರಕ್ಕೆ ಅದು ಯಾವ ಪ್ರದೇಶದಿಂದ ಬಂದಿತೆಂದು ಹೇಗೆ ಹೇಳಬಹುದು, ಅದರಿಂದ ರೋಗ ತಡೆಯುವವರಿಗೆ ಏನು ಪ್ರಯೋಜನ ಎಂದು ಕೇಳಿದ್ದೀರಿ. ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನಾನು ಇದಕ್ಕೆ ಪಶ್ಚಿಮ ಆಫ್ರಿಕದ ಎಬೋಲಾ ಪಿಡುಗನ್ನೇ ಉದಾಹರಣೆಯಾಗಿ ಆರಿಸಿಕೊಳ್ಳುತ್ತೇನೆ.

ಎಬೋಲಾ ವೈರಸ್‌ನ ಆನುವಂಶಿಕ ಬರಹವನ್ನು ಹೊತ್ತ ಆರ್‌ಎನ್‌ಎ ಎಂಬ ಅಣು ಸುಮಾರು 19,000 ಅಕ್ಷರಗಳಷ್ಟು ಉದ್ದವಿದೆ. ಅದು ನಕಲಾಗುವಾಗ ತಪ್ಪುಗಳು ನುಸುಳುತ್ತವೆ. ಒಂದು ಸಂತತಿಯಲ್ಲಿ ವರ್ಷಕ್ಕೆ ಸುಮಾರು 20 ಬದಲಾವಣೆಗಳು ಉಳಿದುಕೊಳ್ಳುತ್ತವೆ. ಹಳೆಯ ಕಾವ್ಯವೊಂದರ ಎರಡು ಓಲೆಪ್ರತಿಗಳಲ್ಲಿ ಲಿಪಿಕಾರನ ಒಂದೇ ತಪ್ಪು ಕಂಡರೆ ಅವೆರಡೂ ಒಂದೇ ಮೂಲಪ್ರತಿಯಿಂದ ಇಳಿದು ಬಂದಿವೆಯೆಂದು ಸಂಪಾದಕರು ಊಹಿಸುವಂತೆ, ಒಂದೇ ಬದಲಾವಣೆಯನ್ನು ಹೊತ್ತ ವೈರಸ್‌ಗಳನ್ನು ಒಂದೇ ಕವಲಿಗೆ ಸೇರಿಸುತ್ತಾರೆ. ಹೀಗೆ ಸಿಗುವುದು ವಂಶವೃಕ್ಷ ಮಾತ್ರ. ಪ್ರತಿ ಮಾದರಿಯನ್ನು ಎಂದು, ಎಲ್ಲಿ ಸಂಗ್ರಹಿಸಲಾಯಿತು ಎಂಬ ವಿವರ ಜೊತೆಗಿದ್ದರೆ ಮಾತ್ರ ಆ ವೃಕ್ಷ ಭೂಪಟದ ಮೇಲೆ ಇಳಿಯುತ್ತದೆ. ಆದ್ದರಿಂದ ಮಾದರಿಯ ಚೀಟಿಯನ್ನು ಸರಿಯಾಗಿ ತುಂಬುವ ಆರೋಗ್ಯ ಕಾರ್ಯಕರ್ತರ ಕೆಲಸ ಯಂತ್ರದ ಕೆಲಸಕ್ಕಿಂತ ಕಡಿಮೆಯದೆಂದು ನಾನು ಎಂದೂ ಭಾವಿಸಿಲ್ಲ.

2014ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನ್‌ನಲ್ಲಿ ರೋಗ ದೃಢಪಟ್ಟಾಗ, ಕೆನೆಮಾದ ಸರ್ಕಾರಿ ಆಸ್ಪತ್ರೆಯ ವೈದ್ಯರು ಮತ್ತು ಅಮೆರಿಕದ ತಳಿವಿಜ್ಞಾನಿ ಪಾರ್ಡಿಸ್ ಸಬೇಟಿ ಅವರ ತಂಡ ಸೇರಿ 78 ರೋಗಿಗಳಿಂದ 99 ಜೀನೋಮ್‌ಗಳನ್ನು ಓದಿದರು. ನೆರೆಯ ಗಿನಿ ದೇಶದ ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ನಾಟಿ ವೈದ್ಯರೊಬ್ಬರ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡ ಮಹಿಳೆಯರಲ್ಲಿ ವೈರಸ್‌ನ ಎರಡು ಕವಲುಗಳು ಕಂಡುಬಂದವು. ಅದಕ್ಕಿಂತ ಮುಖ್ಯವಾಗಿ, ವೈರಸ್ ಮತ್ತೆ ಮತ್ತೆ ಕಾಡುಪ್ರಾಣಿಗಳಿಂದ ಬರುತ್ತಿಲ್ಲ, ಒಮ್ಮೆ ಮನುಷ್ಯನನ್ನು ಸೇರಿದ ಮೇಲೆ ಮನುಷ್ಯರಿಂದ ಮನುಷ್ಯರಿಗೇ ಹರಡುತ್ತಿದೆ ಎಂಬುದು ಖಚಿತವಾಯಿತು. ಸೋಂಕಿತರ ಸಂಪರ್ಕದಲ್ಲಿದ್ದವರ ಪತ್ತೆಗೆ ಮತ್ತು ಸುರಕ್ಷಿತ ಶವಸಂಸ್ಕಾರಕ್ಕೆ ಶಕ್ತಿಯೆಲ್ಲವನ್ನೂ ವಿನಿಯೋಗಿಸಬೇಕೆಂಬ ನಿಲುವಿಗೆ ಇದು ಗಟ್ಟಿ ಆಧಾರ ಒದಗಿಸಿತು. ಈ ಫಲಿತಾಂಶಗಳನ್ನು ವಿವರಿಸುವ ಪ್ರಬಂಧ ಪ್ರಕಟವಾಗುವ ಮೊದಲೇ ಅದರ ಲೇಖಕರಲ್ಲಿ ಐವರು ಎಬೋಲಾಕ್ಕೆ ಬಲಿಯಾದರು, ಕೆನೆಮಾ ಆಸ್ಪತ್ರೆಯ ಡಾ. ಶೇಖ್ ಹುಮಾರ್ ಖಾನ್ ಅವರಲ್ಲೊಬ್ಬರು. ಈ ವಿಷಯ ಹೇಳುವಾಗ ಅವರನ್ನು ನೆನೆಯದೆ ಮುಂದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಗಿನಿ, ಸಿಯೆರಾ ಲಿಯೋನ್ ಮತ್ತು ಲೈಬೀರಿಯಗಳ 1,610 ಜೀನೋಮ್‌ಗಳನ್ನು ಒಟ್ಟಿಗೆ ವಿಶ್ಲೇಷಿಸಿದ ಅಧ್ಯಯನ 2017ರಲ್ಲಿ ಹೊರಬಂದಿತು. ದೊಡ್ಡ ಊರುಗಳಿಂದ ಹತ್ತಿರದ ಊರುಗಳಿಗೆ ವೈರಸ್ ಹೆಚ್ಚಾಗಿ ಸಾಗಿತ್ತು. ಗಡಿಗಳನ್ನು ಮುಚ್ಚಿದ್ದರಿಂದ ದೇಶಗಳ ನಡುವಿನ ಹರಡುವಿಕೆ ತಗ್ಗಿದರೂ, ಅಷ್ಟರಲ್ಲಿ ಅದು ಮೂರೂ ದೇಶಗಳಲ್ಲಿ ಬೇರೂರಿಬಿಟ್ಟಿತ್ತು.

ಮಿತಿಗಳನ್ನೂ ಹೇಳಬೇಕು. ಆ 1,610 ಜೀನೋಮ್‌ಗಳು ತಿಳಿದುಬಂದ ಪ್ರಕರಣಗಳ ಶೇಕಡಾ 5ಕ್ಕಿಂತ ತುಸು ಹೆಚ್ಚಷ್ಟೇ. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟಲು ಸರಾಸರಿ ಎರಡು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಒಂದು ಬದಲಾವಣೆ ಆಗಬಹುದು, ಆಗದೆಯೂ ಇರಬಹುದು. ಹಾಗಾಗಿ ಒಂದೇ ಮನೆಯ ಇಬ್ಬರಲ್ಲಿ ಯಾರಿಂದ ಯಾರಿಗೆ ಹರಡಿತೆಂದು ಜೀನೋಮ್ ಒಂದರಿಂದಲೇ ತೀರ್ಮಾನಿಸಲಾಗದು. ಮನೆಮನೆಗೆ ಹೋಗಿ ವಿಚಾರಿಸಲೇಬೇಕು. ಆದರೆ ಒಂದು ಊಹೆ ತಪ್ಪೆಂದು ತೋರಿಸುವುದರಲ್ಲಿ ಇದಕ್ಕೆ ಸಮನಾದ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

2021ರಲ್ಲಿ ಗಿನಿಯಲ್ಲಿ ಎಬೋಲಾ ಮತ್ತೆ ಕಾಣಿಸಿಕೊಂಡಾಗ, ಪ್ರಾಣಿಗಳಿಂದ ಹೊಸದಾಗಿ ಬಂದಿರಬೇಕೆಂಬುದು ಸಹಜ ಊಹೆಯಾಗಿತ್ತು. ಆದರೆ ಅದರ ಜೀನೋಮ್ 2014ರ ವೈರಸ್‌ನ ನೇರ ಸಂತತಿಯೆಂದು ತೋರಿತು. ಏಳು ವರ್ಷ ಎಡೆಬಿಡದೆ ಹರಡಿದ್ದರೆ ನೂರಕ್ಕೂ ಹೆಚ್ಚು ಬದಲಾವಣೆಗಳಿರಬೇಕಿದ್ದಲ್ಲಿ ಕಂಡದ್ದು ಸುಮಾರು ಒಂದು ಡಜನ್ ಮಾತ್ರ. ಹಿಂದಿನ ಪಿಡುಗಿನಲ್ಲಿ ಸೋಂಕು ತಗುಲಿ ಬದುಕುಳಿದವರೊಬ್ಬರ ದೇಹದಲ್ಲಿ ವೈರಸ್ ವರ್ಷಗಟ್ಟಲೆ ಬಹುತೇಕ ಬದಲಾಗದೆ ಉಳಿದಿತ್ತೆಂಬುದೇ ಇದಕ್ಕೆ ಸೂಕ್ತ ವಿವರಣೆ. ಗುಣಮುಖರಾದವರಿಗೆ ದೀರ್ಘಕಾಲದ ವೈದ್ಯಕೀಯ ನಿಗಾ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಜೊತೆಗೆ, ಮೊದಲೇ ಊರವರ ಬಹಿಷ್ಕಾರಕ್ಕೆ ಗುರಿಯಾಗಿದ್ದ ಆ ಜನರನ್ನು ಮತ್ತಷ್ಟು ಅನುಮಾನಕ್ಕೆ ಒಡ್ಡದೆ ಈ ಸಂಗತಿಯನ್ನು ತಿಳಿಸುವ ಹೊಣೆಯೂ ಆರೋಗ್ಯ ಇಲಾಖೆಗಳ ಮೇಲೆ ಬಿತ್ತು.