ಬಣ್ಣ ಹೋದ ಬಾತುಕೋಳಿ

ಪ್ರಶ್ನೆ: ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ 3,500 ರೂಪಾಯಿ ಕೊಟ್ಟು ಒಂದು ಮರದ ಬಾತುಕೋಳಿ ತಂದಿದ್ದೇನೆ. ಅಮೆರಿಕದ ಬೇಟೆಗಾರರು ಹಕ್ಕಿಗಳನ್ನು ಸೆಳೆಯಲು ನೀರಲ್ಲಿ ಬಿಡುತ್ತಿದ್ದದ್ದು, ನೂರು ವರ್ಷ ಹಳೆಯದು ಎಂದ ಅಂಗಡಿಯವನು. ಬಣ್ಣ ಅಲ್ಲಲ್ಲಿ ಹೋಗಿದೆ. ಪಾಲಿಶ್ ಮಾಡಿಸಲೇ? ಇದು ಅಸಲಿಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪಾಲಿಶ್‌ನವನಿಗೆ ಹೇಳಿಬಿಟ್ಟಿದ್ದರೆ ಈಗಲೇ ಫೋನ್ ಮಾಡಿ, ಬೇಡ ಅನ್ನಿ. ಉಳಿದದ್ದು ಆಮೇಲೆ.

ಹಡಗಿನ ಕೆಲಸದಲ್ಲಿದ್ದ ನನ್ನ ತಮ್ಮ ಬಾಲ್ಟಿಮೋರ್‌ನಿಂದ ಇಂಥದ್ದೇ ಒಂದನ್ನು ತಂದುಕೊಟ್ಟಿದ್ದ. ನಾನು ಫೌಂಡ್ರಿಗೆ ಎರಕದ ಅಚ್ಚಿಗಾಗಿ ಮರದ ಪ್ಯಾಟರ್ನ್ ಕೆತ್ತುತ್ತಿದ್ದವನು, ಕೈ ಸುಮ್ನೆ ಇರಬೇಕಲ್ಲ! ಮಾಟುಂಗದ ಮನೆಯ ಬಾಲ್ಕನಿಯಲ್ಲಿ ಕೂತು ಬಣ್ಣವೆಲ್ಲ ಕೆರೆದೆ. ಉಜ್ಜುತ್ತಾ ಹೋದಂತೆ ರೆಕ್ಕೆಯ ಹತ್ತಿರ ಬೂದು ಚುಕ್ಕೆಯೊಂದು ಹೊಳೆಯಿತು. ಉಗುರಿನಿಂದ ಒತ್ತಿದರೆ ಮೆತ್ತಗೆ. ಕೋವಿಯ ಸೀಸದ ಚರೆ! ಯಾವನೋ ಗುರಿ ತಪ್ಪಿ ತನ್ನ ಮರದ ಬಾತಿಗೇ ಹೊಡೆದಿದ್ದ. ಅಷ್ಟು ಹೊತ್ತಿಗೆ ಬಣ್ಣ ಪೂರಾ ಹೋಗಿತ್ತು, ಅದರ ಬೆಲೆಯೂ.

ಹಳಗನ್ನಡದಲ್ಲಿ ‘ದೀವದ ಮಿಗ’ ಅಂತಾರಲ್ಲ, ಬೇರೆ ಮಿಗಗಳನ್ನು ಸೆಳೆಯಲು ಬೇಟೆಗಾರ ಸಾಕಿದ್ದು, ಇದೂ ಅದೇ ಕೆಲಸದ್ದು. ನೀರಲ್ಲಿ ತೇಲಿಬಿಟ್ಟರೆ ಹಾರುವ ಬಾತುಗಳು ಬಳಗ ಇದೆ ಅಂತ ಇಳಿಯುತ್ತವೆ. ನೆವಾಡದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಕಟ್ಟಿದ ಬಾತುಗಳು ಸಿಕ್ಕವು, ಸುಮಾರು 2,000 ವರ್ಷ ಹಳೆಯವು. ಮರದವು ಜಾಸ್ತಿ ಆದದ್ದು 19ನೇ ಶತಮಾನದಲ್ಲಿ, ಹಕ್ಕಿ ಹೊಡೆದು ಪೇಟೆಗೆ ಮಾರುವವರಿಂದ. ಅಮೆರಿಕದ 1918ರ ಕಾನೂನು ಆ ವ್ಯಾಪಾರ ನಿಲ್ಲಿಸಿತು. ಅಟ್ಟ ಸೇರಿದ ಬಾತುಗಳನ್ನು ಆಮೇಲೆ ಜನಪದ ಕಲೆ ಅಂತ ಕೂಡಿಡತೊಡಗಿದರು. ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಮೇಲೆ ಹೋದವು. ನಿಮ್ಮದು ಕ್ರೋವೆಲ್ ಅಲ್ಲ ಬಿಡಿ, ಆಸೆ ಬೇಡ.

ಈಗ ಬಾತನ್ನು ತಿರುಗಿಸಿ. ಕಸುಬೆಲ್ಲ ತಳದಲ್ಲಿರುತ್ತದೆ. ಅಲೆಗೆ ಮಗುಚದಿರಲಿ ಅಂತ ಮೊಳೆ ಹೊಡೆದ ಸೀಸದ ಪಟ್ಟಿ ಇದೆಯಾ? ಲಂಗರಿನ ದಾರಕ್ಕೆ ಬಳೆ ಅಥವಾ ಚರ್ಮದ ಕುಣಿಕೆ? ಯಜಮಾನ ಕಾದ ಕಬ್ಬಿಣದಿಂದ ಒತ್ತಿದ ತನ್ನ ಹೆಸರಿನ ಎರಡು ಅಕ್ಷರ? ಪಟ್ಟಿ, ಕುಣಿಕೆ ಕಿತ್ತುಹೋಗಿದ್ದರೂ ಮೊಳೆಯ ತೂತು ಉಳಿದಿರುತ್ತದೆ. ತಳಕ್ಕೆ ಹಸಿರು ಬಟ್ಟೆ ಅಂಟಿಸಿದ್ದರೆ, ಕಾಲಿದ್ದರೆ, ಅದು ಶೋಪೀಸು. ಇಂಡೋನೇಷ್ಯಾದಲ್ಲಿ ಬಿದಿರಿನ ಬೇರಿನಿಂದ ಮಾಡುವ ಬಾತುಗಳಂತೂ ಬೂಟು ಹಾಕ್ಕೊಂಡೇ ಬರುತ್ತವೆ!

ಬಣ್ಣ ಎಲ್ಲಿ ಹೋಗಿದೆ ಅಂತಲೂ ನೋಡಿ. ಹಿಡಿದು ಎತ್ತುವ ಕತ್ತು, ದೋಣಿಗೆ ತಾಗುವ ಕೊಕ್ಕು, ಬಾಲ ಸವೆದಿದ್ದರೆ ನಂಬಬಹುದು. ಮೈಪೂರ್ತಿ ಒಂದೇ ಸಮ ಸವೆದಿದ್ದರೆ ಯಾರೋ ಕೂತು ಉಜ್ಜಿದ್ದಾರೆ.

ಒಣ ಬ್ರಷ್‌ನಿಂದ ಧೂಳು ಕೊಡವಿ, ಅಷ್ಟೇ. ಎಣ್ಣೆ, ವಾರ್ನಿಷ್ ಏನೂ ಬೇಡ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿಡಬೇಡಿ. ತಳದ ಫೋಟೊ ಕಳಿಸಿ, ನೋಡೋಣ.