ಕೆಲಸ ಬಿಡದೆ ಎಂಬಿಎ ಸಿಇಟಿಗೆ ತಯಾರಾಗಬಹುದಾ? ಕ್ಲಾಸಿಗೆ ಸೇರಲೇಬೇಕಾ?

ಥಾಣೆಯಲ್ಲಿ ಕೆಲಸ, ಬಿ.ಕಾಂ. ಆಗಿ ಮೂರು ವರ್ಷ, ಎಂಬಿಎ ಸೇರಲು ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿ ಬರೆಯಲಾ, ಐಐಎಂಗಳಿಗೆ ಸೇರಲು ಬರೆಯುವ ದೇಶಮಟ್ಟದ ಕ್ಯಾಟ್ ಬರೆಯಲಾ, ಕೋಚಿಂಗ್ ಕ್ಲಾಸಿಗೆ ದುಡ್ಡು ಸುರಿಯಲಾ ಅಂತ ಕೇಳಿದ್ದೀರಿ. ನಾನೂ ಡೊಂಬಿವಲಿಯವನು. ಫೋರ್ಟ್‌ನಲ್ಲಿ ಕೆಲಸ ಮಾಡುತ್ತಲೇ ಎರಡು ಸಲ ಸಿಇಟಿ ಬರೆದೆ. ಮೊದಲ ಸಲ ಮಕಾಡೆ ಬಿದ್ದೆ.

ನಾನು ಬರೆದಾಗ ಮಹಾರಾಷ್ಟ್ರದ ಸಿಇಟಿಯಲ್ಲಿ 200 ಪ್ರಶ್ನೆ, 150 ನಿಮಿಷ. ಅಂದರೆ ಒಂದಕ್ಕೆ 45 ಸೆಕೆಂಡು. 75 ಲಾಜಿಕಲ್ ರೀಸನಿಂಗ್ ಅಂದರೆ ತರ್ಕದ ಪ್ರಶ್ನೆ, 25 ಚಿತ್ರ ನೋಡಿ ಉತ್ತರಿಸುವಂಥವು, ಉಳಿದದ್ದು ಗಣಿತ ಐವತ್ತು, ಇಂಗ್ಲಿಷ್ ಐವತ್ತು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕ್ಯಾಟ್‌ನ ಜಾತಿಯೇ ಬೇರೆ. ಮೂರು ವಿಭಾಗ, ತಲಾ 40 ನಿಮಿಷ, ಒಂದರಿಂದ ಇನ್ನೊಂದಕ್ಕೆ ಹಾರುವಂತಿಲ್ಲ. ಸರಿಗೆ 3, ಆಯ್ಕೆ ಕೊಟ್ಟ ಪ್ರಶ್ನೆ ತಪ್ಪಿದರೆ 1 ಹೋಯಿತು. ಪ್ರಶ್ನೆ ಕಡಿಮೆ, ತಲೆನೋವು ಜಾಸ್ತಿ. ಮುಂಬೈಯಲ್ಲೇ ಓದಬೇಕು ಅನ್ನುವವರು ಮೊದಲು ಸಿಇಟಿ ಹಿಡಿಯುವುದೇ ಸರಿ ಅಂತ ನನ್ನ ಲೆಕ್ಕ. ಜಮ್ನಾಲಾಲ್ ಬಜಾಜ್, ಸಿಡನ್‌ಹ್ಯಾಮ್ ಇಂಥ ಮುಂಬೈ ಕಾಲೇಜುಗಳಿಗೆ ಮುಖ್ಯ ದಾರಿ ಅದೇ.

ಮೊದಲ ಸಲ ನನ್ನನ್ನು ಕೆಡವಿದ್ದು ದುಂಡು ಮೇಜಿನ ಒಂದು ಪ್ರಶ್ನೆ. ಸುತ್ತ ಎಂಟು ಜನ, ನಾಲ್ವರ ಮುಖ ಒಳಗೆ, ನಾಲ್ವರದು ಹೊರಗೆ. ಯಾರ ಎಡಕ್ಕೆ ಯಾರು? ಬಿಡಿಸಿಯೇ ಏಳುತ್ತೇನೆ ಅಂತ ಹಟ. ಏಳು ನಿಮಿಷ ತಿಂದಿತು. ಇಂಥ ಎರಡು ಮೂರು ಹಟದಲ್ಲಿ ಕೊನೆಯ ಮೂವತ್ತು ಪ್ರಶ್ನೆ ಓದಲೇ ಇಲ್ಲ. ಸುಮ್ನೆ ಏನೋ ಒಂದು ಒತ್ತಿದ್ದರೂ ಐದು ಆಯ್ಕೆಯಲ್ಲಿ ಒಂದು, ಆರು ಅಂಕ ಬರಬಹುದಿತ್ತು, ಅಲ್ವಾ? ಅದಕ್ಕೂ ಹೊತ್ತು ಉಳಿದಿರಲಿಲ್ಲ.

ಅಪ್ಪ ಕೇಳಿ ನಕ್ಕರು. ಮಾಟುಂಗಾದ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಸಪ್ಲೈಯರ್ ಆಗಿದ್ದವರು. "ಏನು ತಿನ್ನೋದು ಅಂತ ಯೋಚಿಸ್ತಾ ಕೂತವನ ಹತ್ರ ನಿಂತ್ರೆ ಪಕ್ಕದ ಟೇಬಲ್‌ನವ್ರು ಎದ್ದು ಹೋಗ್ತಾರೆ ಮಾರಾಯ. ನೀರಿಟ್ಟು ಮುಂದೆ ಹೋಗ್ಬೇಕು." ಎರಡನೇ ಸಲ ಅದನ್ನೇ ಮಾಡಿದೆ. ಪ್ರಶ್ನೆ ಓದಿ ದಾರಿ ಕಾಣದಿದ್ದರೆ ಗುರುತು ಹಾಕಿ ಮುಂದೆ. ಕೊನೆಯ ಮೂರು ನಿಮಿಷ ಖಾಲಿ ಬಿಟ್ಟವನ್ನು ತುಂಬಲಿಕ್ಕೆ.

ಓದಿದ್ದು ಹೆಚ್ಚಾಗಿ ಲೋಕಲ್ ರೈಲಿನಲ್ಲಿ. ಡೊಂಬಿವಲಿಯಲ್ಲಿ ಹತ್ತಿದವನಿಗೆ ಪುಸ್ತಕ ಬಿಚ್ಚಲು ಜಾಗವೆಲ್ಲಿ? ಹಾಗಾಗಿ ಬಾಯಿಪಾಠ. 37.5% ಅಂದರೆ 3/8. 480ರ 37.5% ಎಷ್ಟು? ಎಂಟನೇ ಒಂದು ಭಾಗ 60, 60 ಮೂರ್ಲಿ 180. ಪೆನ್ನೇ ಬೇಡ. ಏಳರ, ಎಂಟರ, ಒಂಬತ್ತರ ಭಿನ್ನರಾಶಿಗಳೆಲ್ಲ ಘಾಟ್ಕೋಪರ್ ಬರುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತಿತ್ತು. ಇಂಗ್ಲಿಷಿಗೆ ದಿನಾ ಒಂದು ಸಂಪಾದಕೀಯ, ಅಷ್ಟೇ.

ಕ್ಲಾಸು? ನಾನು ಸೇರಿದ್ದೆ. ಕೊಟ್ಟ ದುಡ್ಡಿನಲ್ಲಿ ಉಪಯೋಗಕ್ಕೆ ಬಂದಿದ್ದು ಮಾಕ್ ಟೆಸ್ಟ್, ಅಂದರೆ ಅಣಕು ಪರೀಕ್ಷೆ ಮಾತ್ರ. ಅವನ್ನು ಬೇರೆಯಾಗಿಯೇ ಕೊಳ್ಳಬಹುದು. ಭಾನುವಾರ ಒಂದು ಮಾಕ್ ಬರೆಯಿರಿ, ಸೋಮವಾರದಿಂದ ಅದರಲ್ಲಿ ಎಲ್ಲಿ ಸಿಕ್ಕಿಬಿದ್ದೆ ಅಂತ ನೋಡಿ. ವಾರಕ್ಕೆ ನಾಲ್ಕು ಮಾಕ್ ಬರೆದು ಅಂಕ ಮಾತ್ರ ನೋಡಿ ಮುಚ್ಚಿಡುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನೊಂದು. ಹೆಚ್ಚಿನ ಸೀಟು ಮಹಾರಾಷ್ಟ್ರದವರಿಗೆ. ನಮ್ಮ ಮುಂಬೈ ಕನ್ನಡಿಗರಲ್ಲಿ ಎಷ್ಟೋ ಜನ ಇಲ್ಲೇ ಬೆಳೆದರೂ ಹೆರಿಗೆ ಊರಲ್ಲಿ ಆಗಿರುತ್ತದೆ. ನೀವೂ ಹಾಗಿದ್ದರೆ ಮಹಾರಾಷ್ಟ್ರದ ನಿವಾಸಿ ಅಂತ ತೋರಿಸುವ ಡೊಮಿಸೈಲ್ ಸರ್ಟಿಫಿಕೇಟ್ ಈಗಲೇ ಮಾಡಿಸಿ. ಫಲಿತಾಂಶ ಬಂದ ಮೇಲೆ ತಹಸೀಲ್ದಾರ್ ಕಚೇರಿಗೆ ಓಡಿದರೆ ಅಲ್ಲಿ ಎಲ್ಲರೂ ಅದಕ್ಕೇ ನಿಂತಿರುತ್ತಾರೆ.